ತಪ್ಪಿದ್ದು ತಾಳವಲ್ಲ

ಕಾಸರಗೋಡಿನಲ್ಲಿ ಗೆಳೆಯನೊಬ್ಬ ಚೆಂಡೆಯ ಪೆಟ್ಟುಗಳನ್ನು ಲೂಪರ್‌ನಲ್ಲಿ ಹಿಡಿದು, ಅವುಗಳ ಮೇಲೆ ತಾನೇ ಮದ್ದಳೆ ನುಡಿಸಲು ಹೊರಟ. ಪ್ರತಿಸಲವೂ ಆವರ್ತ ಮುಗಿಯುವ ಮೊದಲೇ ಲೂಪ್ ತುಂಡಾಯಿತು. "ತಾಳ ಗಟ್ಟಿಯಿಲ್ಲ ಮಾರಾಯ" ಎಂದುಬಿಟ್ಟೆ. ಆ ವಿಮರ್ಶೆಯನ್ನು ಇವತ್ತು ಹಿಂತೆಗೆದುಕೊಳ್ಳುತ್ತೇನೆ.

ಆಮೇಲೆ ಇಬ್ಬರೂ ಕೂತು ಮಿಡಿ ಸಂದೇಶಗಳನ್ನು ಕಂಪ್ಯೂಟರಿನಲ್ಲಿ ನೋಡಿದೆವು. ಅವನ ಮನೆಯ ಪೆಡಲ್ ಒತ್ತಿದಾಗ ಮಾತ್ರ ಸಂದೇಶ ಕಳಿಸುತ್ತಿತ್ತು. ಅವತ್ತು ತಂದದ್ದು ಎರವಲು ಪೆಡಲ್: ಒತ್ತಿದರೆ 127, ಕಾಲೆತ್ತಿದರೆ 0. ಲೂಪರ್ ಎರಡನ್ನೂ ಆಜ್ಞೆ ಅಂತಲೇ ತಿಳಿಯಿತು. ಒತ್ತಿದಾಗ ರೆಕಾರ್ಡಿಂಗ್ ಶುರು, ಎತ್ತಿದಾಗ ಬಂದ್! ಸೆಟ್ಟಿಂಗಿನಲ್ಲಿ 0 ಕಳಿಸುವುದನ್ನು ನಿಲ್ಲಿಸಿದೆವು, ಲೂಪ್ ಸರಿಯಾಯಿತು.

1983ರಲ್ಲಿ ಬಂದ ಮಿಡಿಯದು ಒಮ್ಮುಖ ಮಾತು. 5 ಪಿನ್ನಿನ ಕೇಬಲಿನಲ್ಲಿ ಸಂದೇಶ ಹೋಗುತ್ತದೆ, "ಆಯ್ತು" ಎಂಬ ಉತ್ತರ ಅದರಲ್ಲಿ ವಾಪಸು ಬರುವುದಿಲ್ಲ. ಹಾಗಾಗಿ ಪೆಡಲಿನ ದೀಪ ನೋಡಿ ನಂಬುವ ಹಾಗಿಲ್ಲ. ಯಕ್ಷಗಾನದಲ್ಲಿ ಭಾಗವತರು ಕಣ್ಣಲ್ಲೇ ಹೇಳಿದ್ದಕ್ಕೆ ಚೆಂಡೆಯವರು ಪೆಟ್ಟಿನಲ್ಲೇ ಉತ್ತರ ಕೊಡುತ್ತಾರೆ. ಇಲ್ಲಿ ಆ ಉತ್ತರವೇ ಇಲ್ಲ.

ಅವನ ಪ್ರಯೋಗದ ಬಗ್ಗೆ ನನಗೊಂದು ಆಕ್ಷೇಪ ಈಗಲೂ ಇದೆ: ಓಗೊಡದ ಜೊತೆಗಾರನನ್ನು ಪರೀಕ್ಷಿಸದೇ ರಂಗಕ್ಕೆ ಕರೆತಂದ. ನಾನಾದರೂ ಪರೀಕ್ಷಿಸದೇ ತೀರ್ಪು ಕೊಟ್ಟೆ. ದೊಡ್ಡ ತಪ್ಪು ನನ್ನದೇ.