ಪ್ರವಚನಕಾರರ ಕೈ ಎಲ್ಲಿರಬೇಕು?

ಶ್ರಾವಣ ಹಿಡಿಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಪುರಾಣ ಹಚ್ಚುತ್ತಾರೆ. ಒಂದೂರಲ್ಲಿ ಹೇಮರೆಡ್ಡಿ ಮಲ್ಲಮ್ಮ, ಇನ್ನೊಂದೂರಲ್ಲಿ ಕಲಬುರ್ಗಿಯ ಶರಣಬಸವೇಶ್ವರ, ಮತ್ತೊಂದೂರಲ್ಲಿ ಸಿದ್ಧಾರೂಢರ ಚರಿತ್ರೆ. ಹೊಲದ ಕೆಲಸ ತೀರಿಸಿ, ಉಂಡು ಬಂದ ಮಂದಿ ಗುಡಿಯ ಮುಂದೆ ಜಮಖಾನೆಯ ಮೇಲೆ ಕೂಡುತ್ತಾರೆ. ಎತ್ತರದ ಪೀಠದಲ್ಲಿ ಪ್ರವಚನಕಾರರು, ಅವರ ಬದಿಗೆ ಪೇಟಿ, ತಬಲಾ. ಮನೆಗೆ ಹೋಗುವಾಗ ಜನ ಕಂಠ ಚೆನ್ನಾಗಿತ್ತು, ದೃಷ್ಟಾಂತ ಚೆನ್ನಾಗಿತ್ತು ಎನ್ನುತ್ತಾರೆ. ಕೈ, ಕಣ್ಣು, ಕೂತ ಭಂಗಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ಮಾತು ಎದೆಗೆ ಇಳಿಯಿತೋ, ಕಿವಿಯ ಹತ್ತಿರವೇ ನಿಂತಿತೋ ಎಂಬುದರಲ್ಲಿ ಇವುಗಳ ಪಾಲು ದೊಡ್ಡದು. ಈಚಿನ ವರ್ಷಗಳಲ್ಲಿ ಪ್ರವಚನ ಸೊರಗುತ್ತಿರುವುದು ಈ ಕಡೆಯಿಂದಲೇ ಎಂದು ನನಗೆ ಅನ್ನಿಸುತ್ತದೆ.

ಇಂದಿನ ಬಹಳಷ್ಟು ಪ್ರವಚನಗಳಲ್ಲಿ ಕೈ ಸುಮ್ಮನಿರುವುದಿಲ್ಲ. ಆಕಾಶ ಎಂದರೆ ಬೆರಳು ಮೇಲೆ, ಭೂಮಿ ಎಂದರೆ ಕೆಳಗೆ, ತಾಯಿ ಎಂದರೆ ಅಂಗೈ ಎದೆಯ ಮೇಲೆ. ಪ್ರತಿ ಪದಕ್ಕೂ ಒಂದು ಚಿತ್ರ. ಕೇಳುವವರಿಗೆ ಆಕಾಶ ಎಲ್ಲಿದೆ ಎಂದು ತೋರಿಸಬೇಕಾಗಿಲ್ಲವಲ್ಲ! ಮೊದಲ ಶತಮಾನದ ರೋಮಿನಲ್ಲಿ ವಾಗ್ಮಿತೆ ಕಲಿಸುತ್ತಿದ್ದ ಕ್ವಿಂಟಿಲಿಯನ್ ತನ್ನ ದೊಡ್ಡ ಗ್ರಂಥದ ಹನ್ನೊಂದನೆಯ ಭಾಗದಲ್ಲಿ ಕೈ, ಕಣ್ಣು, ಹುಬ್ಬು, ಉಡುಪಿನ ಮಡಿಕೆಯ ಬಗ್ಗೆಯೂ ವಿವರವಾಗಿ ಬರೆದ. ಮಾತುಗಾರನ ಕೈ ಒಂದೊಂದೇ ಪದದ ಬೆನ್ನು ಹತ್ತಬಾರದು, ಒಟ್ಟು ಭಾವಕ್ಕೆ ಹೊಂದಬೇಕು ಎಂಬುದು ಅವನ ನಿಲುವು. ಪದಗಳನ್ನು ಮೈಯಿಂದ ಅನುಕರಿಸುವುದು ನಟರ ಕೆಲಸ ಎಂದು ಅವನು ಗೆರೆ ಎಳೆದ.

ಆ ಗೆರೆಯನ್ನು ನಮ್ಮ ಸೀಮೆಯ ಕೇಳುಗರು ಯಾವ ಗ್ರಂಥದ ನೆರವಿಲ್ಲದೆ ಬಲ್ಲರು. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹೆಸರಾಗಿಸಿದ ಶ್ರೀಕೃಷ್ಣ ಪಾರಿಜಾತವೆಂಬ ಜನಪದ ಆಟದ ನೆಲ ಇದು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ತಮ್ಮ ಸಂಶೋಧನೆಯ ವಿಷಯ ಮಾಡಿಕೊಂಡರು. ಮುನಿದ ಸತ್ಯಭಾಮೆ ಮುಖ ತಿರುವಿ ನಿಂತ ರೀತಿಯಲ್ಲೇ ಆಕೆಯ ಸಿಟ್ಟೆಷ್ಟು, ಆಸೆಯೆಷ್ಟು ಎಂದು ಅಳೆಯಬಲ್ಲ ಮಂದಿಯ ಮುಂದೆ ಪ್ರವಚನಕಾರರು ಕೂತಿರುತ್ತಾರೆ. ಆ ಮಂದಿಗೆ ಅರ್ಧಂಬರ್ಧ ಅಭಿನಯ ಕೊಟ್ಟರೆ ತಟ್ಟನೆ ಗೊತ್ತಾಗುತ್ತದೆ. ಪಾರಿಜಾತದ ಪಾತ್ರಧಾರಿ ಸತ್ಯಭಾಮೆಯೇ ಆಗಬೇಕು. ಮಲ್ಲಮ್ಮನ ಕಥೆ ಹೇಳುವವರು ಮಲ್ಲಮ್ಮ ಆಗಬೇಕಿಲ್ಲ, ಆಕೆಯನ್ನು ಒಂದು ಕ್ಷಣ ತೋರಿಸಿ ಮತ್ತೆ ತಮ್ಮ ಜಾಗಕ್ಕೆ ಬರಬೇಕು. ಅತ್ತೆಯ ಮಾತಿಗೆ ಕೊರಳು ತುಸು ಓರೆಯಾದರೆ ಸಾಕು. ಸೆರಗು ಸಿಕ್ಕಿಸಿಕೊಂಡಂತೆ, ಸೊಂಟದ ಮೇಲೆ ಕೈ ಇಟ್ಟಂತೆ ಮಾಡಿದರೆ ಜನ ನಗುತ್ತಾರೆ, ಮಲ್ಲಮ್ಮನ ಸಂಕಟ ಆ ನಗೆಯಲ್ಲಿ ಕೊಚ್ಚಿಹೋಗುತ್ತದೆ.

ಕಡಿಮೆ ಚಲನೆಯಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ನಮ್ಮ ಕಣ್ಣೆದುರೇ ಇದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದರು. ಅವರ ಪ್ರವಚನಗಳ ವಿಡಿಯೋಗಳು ಇಂದಿಗೂ ಮನೆಮನೆಯಲ್ಲಿ ಓಡುತ್ತಿವೆ. ಜೇಬಿಲ್ಲದ ಬಿಳಿ ಅಂಗಿ, ನೇರ ಬೆನ್ನು, ಮೆಲುದನಿ. ಕೈ ಎದೆಮಟ್ಟ ದಾಟುವುದು ಅಪರೂಪ. ಒಂದು ಮಾತು ಮುಗಿದ ಮೇಲೆ ಅವರು ಸುಮ್ಮನಾಗುತ್ತಿದ್ದರು, ಆ ಮೌನದಲ್ಲಿ ಮುಖವೂ ಕದಲುತ್ತಿರಲಿಲ್ಲ. ಬೆಳಗಿನ ಹೊತ್ತು ಸಾವಿರಾರು ಜನ ಕೂತ ಬಯಲಿನಲ್ಲಿ ಕೆಮ್ಮೂ ಕೇಳದಂಥ ಶಾಂತಿ ಹುಟ್ಟುತ್ತಿದ್ದುದು ಗದರಿಕೆಯಿಂದಲ್ಲ. ಹೇಳುವವರ ಮೈ ನೆಲೆಗೊಂಡಿದ್ದರಿಂದ ಕೇಳುವವರ ಮೈಯೂ ನೆಲೆಗೊಳ್ಳುತ್ತಿತ್ತು. ಹಾಗೆಂದು ಎಲ್ಲರೂ ಅವರಂತೆಯೇ ಕೂಡಬೇಕು ಎಂಬ ಹಟ ಬೇಡ. ಅವರ ಮೆಲುದನಿಯನ್ನೂ ಅರೆಮುಚ್ಚಿದ ಕಣ್ಣನ್ನೂ ಕಲಿತು ತಂದು ಕೂಡುವ ಕಿರಿಯರನ್ನು ನೋಡಿದ್ದೇನೆ. ಒಳಗೆ ಚಡಪಡಿಕೆ ಇದ್ದರೆ ಅದು ಕಾಲ ಬೆರಳಿನಲ್ಲಿ ಕಾಣುತ್ತದೆ, ಇಲ್ಲವೇ ಹೆಗಲ ಶಾಲನ್ನು ಮತ್ತೆ ಮತ್ತೆ ಸರಿಪಡಿಸುವ ಕೈಯಲ್ಲಿ. ಆ ಶಾಲು ಪ್ರವಚನಕ್ಕೆ ಎಷ್ಟು ಕೇಡು ಮಾಡುತ್ತದೆಂದು ಯಾರಾದರೂ ಅವರಿಗೆ ಹೇಳಬೇಕು. ಅದು ಜಾರಿದಾಗಲೆಲ್ಲ ಇಡೀ ಸಭೆಯ ಕಣ್ಣು ಅದರ ಜೊತೆಗೇ ಜಾರುತ್ತದೆ.

ಇನ್ನೊಂದು ದೊಡ್ಡ ಪಾಠಶಾಲೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರು, ಅನೇಕ ಅಂಧ ಮಕ್ಕಳಿಗೆ ಸಂಗೀತದ ಜೊತೆ ಕೀರ್ತನೆ, ಪುರಾಣ ಕಲಿಸಿದರು. ಆ ಪರಂಪರೆಯ ಅಂಧ ಗವಾಯಿಗಳು ಪುರಾಣ ಹೇಳುವುದನ್ನು ಹತ್ತಿರ ಕೂತು ನೋಡಬೇಕು. ಎಡಗೈ ಪೇಟಿಯ ತಿದಿಯ ಮೇಲೆ, ಬಲಗೈ ಮನೆಗಳ ಮೇಲೆ. ಹಾಡು ನಿಂತಾಗ ಬಲಗೈ ಮಾತ್ರ ಬಿಡುಗಡೆಯಾಗಿ ಗಾಳಿಯಲ್ಲಿ ಒಂದು ಗೆರೆ ಎಳೆದು ಮತ್ತೆ ಸ್ವರಕ್ಕೆ ಮರಳುತ್ತದೆ. ಬೇರೆಯವರ ಕೈಸನ್ನೆಯನ್ನು ಅವರು ಕಂಡು ಕಲಿತದ್ದಲ್ಲ, ಎದುರಿಗಿದ್ದವರು ನೋಡುತ್ತಾರೆಂದು ತೋರಿದ್ದೂ ಅಲ್ಲ. 1998ರಲ್ಲಿ ಐವರ್ಸನ್ ಮತ್ತು ಗೋಲ್ಡಿನ್‌-ಮೆಡೋ ಎಂಬ ಇಬ್ಬರು ಸಂಶೋಧಕಿಯರು ‘ನೇಚರ್’ ಪತ್ರಿಕೆಯಲ್ಲಿ ಇದನ್ನೇ ವರದಿ ಮಾಡಿದರು: ಹುಟ್ಟು ಕುರುಡರು ಮಾತಾಡುವಾಗ ಕೈ ಆಡಿಸುತ್ತಾರೆ, ಕೇಳುವವರೂ ಕುರುಡರೆಂದು ಗೊತ್ತಿದ್ದಾಗಲೂ. ಕೈ ಆಡುವುದು ಯೋಚನೆಯ ಭಾಗವಾಗಿಯೇ. ಗವಾಯಿಗಳ ಕೈಯಲ್ಲಿ ಪ್ರದರ್ಶನ ಕಾಣದಿರುವುದಕ್ಕೆ ಇದೇ ಕಾರಣ ಎಂದು ನನ್ನ ನಂಬಿಕೆ.

ಪುರಾಣದಲ್ಲಿ ಮೈಯ ಮಾತು ಪೀಠದಿಂದ ಇಳಿದು ಸಭೆಗೆ ಬರುವ ಒಂದು ಗಳಿಗೆ ಇದೆ. ಶರಣರ ಜನನದ ಅಧ್ಯಾಯ ಬಂದ ದಿನ ತೊಟ್ಟಿಲು ಕಟ್ಟುತ್ತಾರೆ. ಹೆಣ್ಣುಮಕ್ಕಳು ಆರತಿ ಹಿಡಿದು ಬರುತ್ತಾರೆ, ಜೋಗುಳ ಹಾಡುತ್ತಾರೆ, ತೊಟ್ಟಿಲು ತೂಗುತ್ತಾರೆ. ಬಲ್ಲ ಪ್ರವಚನಕಾರರು ಆಗ ಕೈಗಳನ್ನು ಮಡಿಲಲ್ಲಿಟ್ಟು ಹಿಂದೆ ಸರಿಯುತ್ತಾರೆ. ತೂಗುವ ಕೈಗಳೇ ಆ ರಾತ್ರಿಯ ಪ್ರವಚನವಾಗುತ್ತವೆ. ಆಗಲೂ ಮೈಕು ಬಿಡದೆ, ಕೈ ಬೀಸಿ ಬೀಸಿ ‘ಜೋರಾಗಿ, ಜೋರಾಗಿ’ ಎಂದು ಹುರಿದುಂಬಿಸುವವರು ಆ ಹೆಣ್ಣುಮಕ್ಕಳ ಗಳಿಗೆಯನ್ನು ಕಸಿದುಕೊಳ್ಳುತ್ತಾರೆ. ಇದನ್ನು ಸಣ್ಣ ತಪ್ಪು ಎಂದು ಬಿಡಲು ನನ್ನಿಂದ ಆಗದು.

ನನ್ನ ಹೆಚ್ಚಿನ ತಕರಾರು ಕಣ್ಣಿನ ಬಗ್ಗೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಗಣ್ಯರನ್ನು, ದಾಸೋಹದ ದಾನಿಗಳನ್ನು ಕೂಡಿಸುತ್ತಾರೆ. ಪ್ರವಚನಕಾರರ ನೋಟ ಬಹಳ ಹೊತ್ತು ಅಲ್ಲಿಯೇ ಆಡುತ್ತದೆ, ಆಮೇಲೆ ಕ್ಯಾಮೆರಾದ ಕಡೆಗೆ. ಬಲಕ್ಕೋ ಎಡಕ್ಕೋ ಬೇರೆ ಕೂತ ಹೆಣ್ಣುಮಕ್ಕಳ ಕಡೆ ಅದು ತಿರುಗುವುದು ಮಂಗಳಾರತಿಯ ಸೂಚನೆ ಕೊಡುವಾಗ. ಸಭೆಯಲ್ಲಿ ಹೆಚ್ಚಿನವರು ಅವರೇ, ತಪ್ಪದೆ ದಿನಾ ಬರುವವರೂ ಅವರೇ. ಸಮಾನತೆಯ ಶರಣರ ಕಥೆ ಹೇಳುತ್ತ ಕಣ್ಣು ಮಾತ್ರ ಕುರ್ಚಿಗಳನ್ನೇ ನೋಡುತ್ತಿದ್ದರೆ ಜಮಖಾನೆಯ ಮೇಲಿನ ಅಜ್ಜಿ ಅದನ್ನು ಗಮನಿಸದೆ ಇರುವುದಿಲ್ಲ.

ಇದರಲ್ಲಿ ಊರ ಕಮಿಟಿಯ ಕೈಯೂ ಇದೆ. ಪೀಠವನ್ನು ಆಳೆತ್ತರ ಕಟ್ಟಿದರೆ ಹತ್ತಿರ ಕೂತವರಿಗೆ ಗದ್ದ ಮಾತ್ರ ಕಾಣುತ್ತದೆ. ಮಡಿಲಲ್ಲಿನ ಕೈ, ಬೆರಳುಗಳ ಸಣ್ಣ ಚಲನೆ ಯಾರಿಗೂ ಮುಟ್ಟುವುದಿಲ್ಲ. ಆಗ ಪ್ರವಚನಕಾರರು ತೋಳನ್ನೇ ಎತ್ತಬೇಕಾಗುತ್ತದೆ. ಹಿಂದಿನಿಂದ ಹೊಡೆಯುವ ಬಣ್ಣದ ದೀಪ ಮುಖವನ್ನು ಕಪ್ಪಾಗಿಸುತ್ತದೆ. ಪೀಠ ಮೊಣಕಾಲೆತ್ತರ ಇರಲಿ, ಬಿಳಿ ದೀಪ ಎದುರಿನಿಂದ ಬೀಳಲಿ, ಕುರ್ಚಿಗಳು ಬದಿಗೆ ಹೋಗಲಿ, ಹೆಣ್ಣುಮಕ್ಕಳು ಎದುರಿಗೆ ಬರಲಿ. ಮುಂದಿನ ಶ್ರಾವಣಕ್ಕೆ ಪೆಂಡಾಲಿನವನಿಗೆ ಮುಂಗಡ ಕೊಡುವಾಗಲೇ ಇದನ್ನು ಹೇಳಿಬಿಟ್ಟರೆ ಖರ್ಚೂ ಕಡಿಮೆ.