‘ಉಂಟುಮಾಡು’ ಮತ್ತು ‘ಸೃಜಿಂಚು’: ಸೃಷ್ಟಜೀವಿಯ ಸ್ಥಾನವನ್ನು ಕುರಿತು ಎರಡು ಅನುವಾದಗಳು

ಬೈಬಲ್ ಅನುವಾದಗಳನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಮುದ್ರಣದ ಇತಿಹಾಸ, ಗದ್ಯದ ಬೆಳವಣಿಗೆ ಇವುಗಳ ಸುತ್ತಲೇ ನಿಂತಿವೆ. ಅನುವಾದಕರು ಆರಿಸಿಕೊಂಡ ಪದಗಳು ಯಾವ ತತ್ತ್ವಭಾರವನ್ನು ಹೊರಬೇಕಾಯಿತೆಂಬ ಪ್ರಶ್ನೆ ಹಿಂದೆ ಸರಿದಿದೆ. ಸೃಷ್ಟಜೀವಿಗೂ ದೇವರಿಗೂ ಇರುವ ಸಂಬಂಧವನ್ನು ಸೂಚಿಸುವ ಕೆಲವು ಪದಗಳನ್ನು ಕನ್ನಡ, ತೆಲುಗುಗಳಲ್ಲಿ ಜತೆಯಾಗಿಟ್ಟು ಇಲ್ಲಿ ಪರಿಶೀಲಿಸುತ್ತೇವೆ.

ಎರಡೂ ಅನುವಾದಗಳ ಆರಂಭದ ಹಿಂದೆ ಒಂದೇ ಸಂಸ್ಥೆಯಿದೆ. ಲಂಡನ್ ಮಿಷನರಿ ಸೊಸೈಟಿಯ ಜಾರ್ಜ್ ಕ್ರಾನ್, ಆಗಸ್ಟಸ್ ಡೆ ಗ್ರಾಂಜ್ 1805ರಲ್ಲಿ ವಿಶಾಖಪಟ್ಟಣಕ್ಕೆ ಬಂದು, ಆನಂದರಾಯರೆಂಬ ಮತಾಂತರಿತ ಬ್ರಾಹ್ಮಣರ ನೆರವಿನಿಂದ ತೆಲುಗು ಸುವಾರ್ತೆಗಳ ಅನುವಾದಕ್ಕೆ ಕೈಹಚ್ಚಿದರು. 1810ರೊಳಗೆ ಇಬ್ಬರೂ ತೀರಿಕೊಂಡರು. ಅದೇ ವರ್ಷ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆನಿಂತರು; 1831ರಲ್ಲಿ ಕನ್ನಡ ಬೈಬಲ್ ಪೂರ್ಣಗೊಂಡಿತು. ಇಂದು ಬಳಕೆಯಲ್ಲಿರುವ ಪಾಠಗಳು ಮುಂದಿನ ಪರಿಷ್ಕರಣಗಳ ಫಲ. ಆದ್ದರಿಂದ ಕೆಳಗಿನ ಪದಗಳನ್ನು ಆ ಮೊದಲಿಗರ ಹೆಸರಿಗೆ ಹಚ್ಚುವಂತಿಲ್ಲ.

ಆದಿ ಕ್ರೈಸ್ತ ಚಿಂತಕರಿಗೆ ಈ ಸಂಬಂಧ ಸುಲಭವಾಗಿ ದಕ್ಕಿದ್ದಲ್ಲ. ಪ್ಲೇಟೋವಿನ ಪರಂಪರೆಯಲ್ಲಿ ಶಿಲ್ಪಿಯಂಥ ದೇವರಿಗೆ ದ್ರವ್ಯ ಮೊದಲೇ ಇತ್ತು. ಎರಡನೆಯ ಶತಮಾನದಲ್ಲಿ ಅಂತಿಯೋಕ್ಯದ ಥಿಯೋಫಿಲಸ್, ಲಿಯೋನ್‌ನ ಐರೀನಿಯಸ್ ಇದನ್ನು ನಿರಾಕರಿಸಿ, ಏನೂ ಇಲ್ಲದಲ್ಲಿಂದ ಸೃಷ್ಟಿಯಾಯಿತೆಂದರು. ನಾಲ್ಕನೆಯ ಶತಮಾನದಲ್ಲಿ ಅರಿಯಸ್, ದೇವಪುತ್ರನೂ ಸೃಷ್ಟಿಗೆ ಸೇರಿದವನೇ ಎಂದು ವಾದಿಸಿದನು. 325ರ ನೈಸಿಯಾ ಸಭೆ ಪುತ್ರನು ಜನಿತನೇ ಹೊರತು ನಿರ್ಮಿತನಲ್ಲವೆಂದು ತೀರ್ಮಾನಿಸಿತು. ಅಥನೇಸಿಯಸ್‌ನ ಪ್ರಕಾರ ಜೀವಿಯ ಇರವು ತನ್ನದಲ್ಲ, ಕೊಡಲ್ಪಟ್ಟದ್ದು. ತನ್ನಷ್ಟಕ್ಕೆ ಬಿಟ್ಟರೆ ಅದು ಇಲ್ಲದಿರುವಿಕೆಯ ಕಡೆಗೇ ಜಾರುತ್ತದೆ. ಹೀಗೆ ಗಡಿಗೆರೆ ಬಿದ್ದುದು ಆತ್ಮಕ್ಕೂ ಜಡಕ್ಕೂ ನಡುವೆಯಲ್ಲ, ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವೆ. ದೇವದೂತನೂ ಹುಳುವೂ ಅದರ ಒಂದೇ ಬದಿಗೆ ನಿಲ್ಲುತ್ತಾರೆ.

ಆದಿಕಾಂಡದ ಮೊದಲ ವಾಕ್ಯದಲ್ಲಿ ಪ್ರಚಲಿತ ತೆಲುಗು ಪಾಠದ ಕ್ರಿಯಾಪದ ‘ಸೃಜಿಂಚು’. ಕನ್ನಡದ ಹಳೆಯ ಪಾಠದ್ದು ‘ಉಂಟುಮಾಡು’. ‘ಸೃಜ್’ ಧಾತುವಿಗೆ ಹೊರಬಿಡು ಎಂಬ ಮೂಲಾರ್ಥವಿದೆ. ಜೇಡ ತನ್ನೊಳಗಿನಿಂದ ನೂಲು ತೆಗೆಯುವ ದೃಷ್ಟಾಂತಕ್ಕೆ ಮುಂಡಕೋಪನಿಷತ್ತು ಬಳಸಿದ್ದೂ ಈ ಧಾತುವನ್ನೇ. ‘ಉಂಟುಮಾಡು’ವಿನಲ್ಲಿ ಇಂಥ ಹೊಮ್ಮುವಿಕೆಯಿಲ್ಲ, ಇರವನ್ನು ನೀಡುವ ಅರ್ಥ ಮಾತ್ರ ಇದೆ. ಅಥನೇಸಿಯಸ್‌ನ ವಿಚಾರಕ್ಕೆ ಈ ದೇಶಿ ಪದವೇ ಹೆಚ್ಚು ಹತ್ತಿರವೆಂದು ನಮಗೆ ತೋರುತ್ತದೆ. ಆದರೆ ವ್ಯುತ್ಪತ್ತಿಯೇ ಅರ್ಥವಲ್ಲ; ತೆಲುಗು ಓದುಗನಿಗೆ ‘ಸೃಜಿಂಚು’ವಿನಲ್ಲಿ ಜೇಡ ಕಾಣಲಾರದು. ಯೋಹಾನನ ಸುವಾರ್ತೆಯ ಆರಂಭದಲ್ಲಿ ತೆಲುಗು ಕೂಡ ‘ಕಲುಗು’ ಎಂಬ ದೇಶಿ ಪದಕ್ಕೇ ಮರಳುತ್ತದೆ.

ಹೆಚ್ಚು ಕಠಿಣವಾದ ಪರೀಕ್ಷೆ ಇರುವುದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ. ಕ್ರಿಸ್ತನನ್ನು ಸಕಲ ಸೃಷ್ಟಿಗೆ ಚೊಚ್ಚಲನೆಂದು ಕರೆಯುವ ಅಲ್ಲಿನ ಮಾತು ಅರಿಯಸ್‌ನ ಪಕ್ಷದವರಿಗೆ ದೊಡ್ಡ ಆಧಾರವಾಗಿತ್ತು. ತೆಲುಗು ಇಲ್ಲಿ ‘ಆದಿಸಂಭೂತುಡು’ ಎನ್ನುತ್ತದೆ. ಕನ್ನಡದ ಹಳೆಯ ಪಾಠ ‘ಜ್ಯೇಷ್ಠಪುತ್ರನು’ ಎನ್ನುತ್ತದೆ. ‘ಸಂಭೂತ’ದಲ್ಲಿ ಹುಟ್ಟಿದ, ಉಂಟಾದ ಎಂಬ ಎರಡು ಅರ್ಥಗಳೂ ಬೆರೆತಿರುವುದರಿಂದ ಹಳೆಯ ವಿವಾದ ಅಲ್ಲಿ ತೆರೆದೇ ಉಳಿಯುತ್ತದೆ. ಕನ್ನಡ ಪದ ಪುತ್ರತ್ವವನ್ನೂ ಹಿರಿತನವನ್ನೂ ಮುಂದಿಟ್ಟು ನೈಸಿಯಾದ ಪಕ್ಷವಹಿಸುತ್ತದೆ. ಅನುವಾದವೆಂಬುದು ಇಲ್ಲಿ ವ್ಯಾಖ್ಯಾನವೇ ಆಗಿದೆ.

ತೌಲನಿಕ ಅಧ್ಯಯನ ಮಾಡುವವರಿಗೆ ಎರಡು ಎಚ್ಚರಿಕೆಗಳು ಅಗತ್ಯ. ‘ಶೂನ್ಯದಿಂದ ಸೃಷ್ಟಿ’ ಎಂದು ಬರೆಯುವಾಗ, ಅಲ್ಲಮನ ಪರಂಪರೆಯಲ್ಲಿ ಶೂನ್ಯವು ಬರಿಯ ಅಭಾವವಲ್ಲ, ಪರತತ್ತ್ವದ ಹೆಸರೆಂಬುದನ್ನು ನೆನೆಯಬೇಕು. ಇಲ್ಲವಾದರೆ ಐರೀನಿಯಸ್ ಅಲ್ಲಗಳೆದುದನ್ನೇ ಅವನ ಬಾಯಲ್ಲಿ ಆಡಿಸಿದಂತಾಗುತ್ತದೆ. ಹಾಗೆಯೇ ಮಧ್ವರ ಜೀವ ಪರತಂತ್ರವಾದರೂ ಅನಾದಿ. ಅಥನೇಸಿಯಸ್‌ನ ಜೀವಿಗೆ ಆದಿಯುಂಟು. ಅಧೀನತೆ ಸಮಾನವೆಂದ ಮಾತ್ರಕ್ಕೆ ತತ್ತ್ವ ಸಮಾನವಾಗದು.

ಇದು ಕೇವಲ ಗ್ರಂಥವಿಚಾರವೂ ಅಲ್ಲ. ವಿಜಯವಾಡದ ಗುಣದಲದಲ್ಲಿ ಪ್ರತಿವರ್ಷ ಫೆಬ್ರವರಿಯಲ್ಲಿ ಅಪಾರ ಜನ ಮರಿಯಮಾತೆಯ ದರ್ಶನಕ್ಕೆ ನೆರೆಯುತ್ತಾರೆ. 431ರ ಎಫೆಸಸ್ ಸಭೆ ದೇವಮಾತೆಯೆಂದು ಎತ್ತಿಹಿಡಿದ ಆಕೆ ಸ್ವತಃ ಸೃಷ್ಟಜೀವಿ. ಆಕೆಗೆ ಸಲ್ಲುವುದು ಗೌರವ, ಆರಾಧನೆಯಲ್ಲವೆಂಬುದು ಆ ಧರ್ಮಸಭೆಯ ನಿಲುವು. ಆ ಬೆಟ್ಟ ಹತ್ತುವವರ ಮಾತಿನಲ್ಲಿ ಈ ಗೆರೆ ಎಲ್ಲಿ ಉಳಿಯುತ್ತದೆ, ಎಲ್ಲಿ ಅಳಿಯುತ್ತದೆ ಎಂಬುದನ್ನು ಹೊರನಾಡ ಸಂಶೋಧಕರು, ಎರಡೂ ಭಾಷೆಗಳನ್ನು ಬಲ್ಲವರಾದ್ದರಿಂದ, ಕೈಗೆತ್ತಿಕೊಳ್ಳಬೇಕೆಂದು ನಾವು ಅಪೇಕ್ಷಿಸುತ್ತೇವೆ.