‘ಕರುಣಾಳು ಬಾ ಬೆಳಕೆ’ – ಪೂರ್ತಿ ಹಾಡೋಣ



ಶಾಲೆಯ ಪ್ರಾರ್ಥನೆಯಲ್ಲೋ ಭಾವಗೀತೆಯ ಕ್ಯಾಸೆಟ್ಟಿನಲ್ಲೋ ‘ಕರುಣಾಳು ಬಾ ಬೆಳಕೆ’ ಕೇಳದ ಕನ್ನಡಿಗರು ವಿರಳ. ಆದರೆ ಇದು ಬಿ.ಎಂ.ಶ್ರೀಯವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಅನುವಾದಿಸಿಕೊಟ್ಟ ಕ್ರೈಸ್ತ ಸ್ತೋತ್ರವೆಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ತಿಳಿಯದು.

ಮೂಲ ಕವಿ ಜಾನ್ ಹೆನ್ರಿ ನ್ಯೂಮನ್, ಆಗ ಆಕ್ಸ್‌ಫರ್ಡಿನಲ್ಲಿ ಆಂಗ್ಲಿಕನ್ ಪಾದ್ರಿ. ೧೮೩೩ರಲ್ಲಿ ಸಿಸಿಲಿಯಲ್ಲಿ ಜ್ವರ ಬಂದು ಸಾವಿನ ಅಂಚಿಗೆ ಹೋಗಿದ್ದ ಅವರು, ಚೇತರಿಸಿಕೊಂಡು ಕಿತ್ತಳೆ ಹಣ್ಣಿನ ಹಡಗಿನಲ್ಲಿ ಊರಿಗೆ ಹೊರಟರು. ಗಾಳಿಯಿಲ್ಲದೆ ಹಡಗು ನಡುಗಡಲಲ್ಲೇ ದಿನಗಟ್ಟಲೆ ನಿಂತಿತು. ಆಗ ಹುಟ್ಟಿದ ಪದ್ಯವಿದು. ೧೮೪೫ರಲ್ಲಿ ಕ್ಯಾಥೊಲಿಕರಾದ ಅವರು ಮುಂದೆ ನಮ್ಮ ಡಬ್ಲಿನ್ನಿಗೇ ಬಂದು, ೧೮೫೪ರಲ್ಲಿ ತೆರೆದ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಮೊದಲ ರೆಕ್ಟರ್ ಆದರು. ಸೇಂಟ್ ಸ್ಟೀಫನ್ಸ್ ಗ್ರೀನ್ ಪಕ್ಕದಲ್ಲಿ ಅವರು ಕಟ್ಟಿಸಿದ ಚರ್ಚು ಇಂದಿಗೂ ಇದೆ. ಕ್ಲಾಂಡಾಲ್ಕಿನ್‌ನಿಂದ ಪೇಟೆಗೆ ಹೋದಾಗ ಮಕ್ಕಳಿಗೆ ತೋರಿಸಬಹುದು. ೨೦೧೯ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು.

ನ್ಯೂಮನ್ ಇದಕ್ಕೆ ‘ಮೇಘಸ್ತಂಭ’ ಎಂಬರ್ಥದ ಹೆಸರನ್ನೂ ಕೊಟ್ಟಿದ್ದರು. ಬೈಬಲಿನಲ್ಲಿ ಇಸ್ರೇಲಿನ ಜನರಿಗೆ ಮರುಭೂಮಿಯಲ್ಲಿ ದಾರಿ ತೋರುತ್ತ ಮುಂದೆ ಮುಂದೆ ನಡೆದ ಸ್ತಂಭವದು. ಶ್ರೀಯವರ ಬೆಳಕಾದರೋ ಮುಂದೆ ಹೋಗುವುದಷ್ಟೇ ಅಲ್ಲ, ಹತ್ತಿರ ಬಂದು ಕೈ ಹಿಡಿಯುತ್ತದೆ. ಮೂಲದಲ್ಲಿ ಈ ‘ಕೈ’ ಇಲ್ಲ! ಜಾತ್ರೆಯಲ್ಲಿ ಅಪ್ಪನ ಬೆರಳು ಹಿಡಿದು ನಡೆದ ನಮಗೆ ದೇವರನ್ನು ಹೀಗೆ ಕರೆಯುವುದೇ ಸಹಜ. ಅನುವಾದ ನಮ್ಮದೇ ಹಾಡಾದ ಗುಟ್ಟು ಇಲ್ಲಿದೆ ಎಂದು ನನ್ನ ಅನಿಸಿಕೆ. ಮೂಲದಲ್ಲೂ ಯೇಸುವಿನ ಹೆಸರಿಲ್ಲದ್ದರಿಂದ ಯಾವ ಮತದವರ ಬಾಯಿಗೂ ಇದು ಒಗ್ಗುತ್ತದೆ. ಗಾಂಧೀಜಿಗೂ ಮೂಲ ಗೀತೆ ಬಹಳ ಪ್ರಿಯವಾಗಿತ್ತು.

ಒಂದು ಆಕ್ಷೇಪಣೆ ಮಾತ್ರ ಉಂಟು, ಅದು ಹಾಡುವ ನಮ್ಮ ಮೇಲೆ. ಸಮಾರಂಭಗಳಲ್ಲಿ ಮೊದಲ ನುಡಿ ಮುಗಿಸಿ ಕೂತುಬಿಡುತ್ತೇವೆ. ಹಾಡಿನ ಹೃದಯವಿರುವುದು ಎರಡನೆಯ ನುಡಿಯಲ್ಲಿ. ಹಿಂದೆ ನಾನು ಹೀಗೆ ಬೇಡಿದವನಲ್ಲ, ನನ್ನ ದಾರಿಯನ್ನು ನಾನೇ ಆರಿಸಿಕೊಂಡೆ, ಅಹಂಕಾರ ನನ್ನನ್ನು ಆಳಿತು ಎಂಬ ತಪ್ಪೊಪ್ಪಿಗೆ ಅಲ್ಲಿದೆ. ಅದನ್ನು ಬಿಟ್ಟರೆ ಉಳಿಯುವುದು ಕತ್ತಲಿಗೆ ಹೆದರಿದವನ ಕೋರಿಕೆ. ಅದನ್ನು ಸೇರಿಸಿದರೆ ಭಕ್ತಿಯ ಶರಣಾಗತಿ. ದೂರದ ನೋಟ ಬೇಡ, ಮುಂದಿನ ಒಂದು ಹೆಜ್ಜೆ ಕಂಡರೆ ಸಾಕು ಎಂಬ ಮೊದಲ ನುಡಿಯ ಮಾತಿಗೆ ಬೆಲೆ ಬರುವುದೂ ಆಗಲೇ.

ಸ್ವಂತ ಬಲದಿಂದಲೇ ಇಷ್ಟು ದೂರ ಬಂದೆವೆಂದು ಬೀಗುವ ನಮಗೆ, ವೀಸಾ, ಕೆಲಸ, ಊರಲ್ಲಿರುವ ವೃದ್ಧ ತಂದೆತಾಯಿಯರ ಚಿಂತೆಯಲ್ಲಿ ನಿದ್ದೆ ಬಾರದ ರಾತ್ರಿಗಳೂ ಉಂಟು. ಆ ರಾತ್ರಿಗೆ ಆಗಿಬರುವ ಹಾಡಿದು. ಮುಂದಿನ ಬಾರಿ ಮಕ್ಕಳೊಡನೆ ಮೂರೂ ನುಡಿಗಳನ್ನು ನಿಧಾನವಾಗಿ ಹಾಡೋಣವೇ?